‘ಬಸ್ಸು’ ಎಂಬ ಶಬ್ದದ ಅರ್ಥವೂ ಪ್ರಯೋಗವೂ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಮನೆಗಳಲ್ಲಿ ದಿನಕ್ಕೆ ಎಷ್ಟು ಸಾರಿ ‘ಬಸ್ಸು’ ಎಂಬ ಮಾತು ಬಾಯಿಂದ ಹೊರಡುವುದೋ ಎಣಿಸಿದವರಿಲ್ಲ. ಮಗಳು ಪುಸ್ತಕದ ಚೀಲವನ್ನು ಹೆಗಲಿಗೇರಿಸುವಾಗ ತಾಯಿಯು ನೆನಪು ಮಾಡುವುದು ಬಸ್ಸಿನ ಹೊತ್ತನ್ನು. ಸಂಜೆ ಅವಳು ಬರುವುದು ತಡವಾದರೆ ತಂದೆಯು ವಿಚಾರಿಸುವುದು ಬಸ್ಸು ಬಂದಿತೋ ಇಲ್ಲವೋ ಎಂಬುದನ್ನು. ಈ ಶಬ್ದವು ಇಂಗ್ಲಿಷಿನಿಂದ ಬಂದುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದು ಪೂರ್ಣ ಶಬ್ದವಲ್ಲವೆಂದೂ, ದೊಡ್ಡದೊಂದು ಶಬ್ದವನ್ನು ಕತ್ತರಿಸಿದ ಮೇಲೆ ಉಳಿದ ತುಂಡೆಂದೂ, ಆ ತುಂಡಿಗೆ ತನ್ನದೇ ಆದ ವ್ಯಾಕರಣಾರ್ಥವೊಂದುಂಟೆಂದೂ ತಿಳಿದವರು ವಿರಳ. ಈ ಶಬ್ದದ ಹುಟ್ಟು, ಅದು ಮೊಟಕಾದ ಬಗೆ, ಅದು ಕನ್ನಡವಾದ ರೀತಿ, ನಮ್ಮ ಸೀಮೆಯಲ್ಲಿ ಅದಕ್ಕಿರುವ ಪ್ರಯೋಗ, ಇವಿಷ್ಟನ್ನು ಸಂಕ್ಷೇಪವಾಗಿ ತಿಳಿಸಿ, ಆ ಶಬ್ದದ ಮೂಲಾರ್ಥವು ನಮ್ಮ ಹೆಣ್ಣುಮಕ್ಕಳ ಪಾಲಿಗೆ ಎಷ್ಟರಮಟ್ಟಿಗೆ ನಿಜವಾಗಿದೆಯೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಶಬ್ದದ ಮೂಲ

ಯೂರೋಪಿನ ಪ್ರಾಚೀನ ಭಾಷೆಯಾದ ಲ್ಯಾಟಿನ್ನಿನಲ್ಲಿ ‘ಒಮ್ನಿಸ್’ ಎಂದರೆ ‘ಎಲ್ಲ’, ‘ಸಕಲ’ ಎಂದರ್ಥ. ಅದರ ಚತುರ್ಥೀ ವಿಭಕ್ತಿಯ ಬಹುವಚನ ರೂಪವು ‘ಒಮ್ನಿಬುಸ್’. ‘ಎಲ್ಲರಿಗೆ’, ‘ಎಲ್ಲರಿಗಾಗಿ’ ಎಂಬುದು ಅದರ ಅರ್ಥ. ಇದರಲ್ಲಿ ‘ಒಮ್ನಿ’ ಎಂಬುದು ಪ್ರಕೃತಿ, ‘ಬುಸ್’ ಎಂಬುದು ಪ್ರತ್ಯಯ. ಇಂಗ್ಲಿಷಿನವರು ಈ ರೂಪವನ್ನೇ ‘ಆಮ್ನಿಬಸ್’ ಎಂದು ಉಚ್ಚರಿಸಿ ಒಂದು ಬಗೆಯ ಬಂಡಿಗೆ ಹೆಸರಾಗಿ ಇಟ್ಟರು. ಅನಂತರ ಹೆಸರು ಉದ್ದವಾಯಿತೆಂದು ಮುಂಭಾಗವನ್ನು ಬಿಟ್ಟು ‘ಬಸ್’ ಎಂಬುದನ್ನು ಮಾತ್ರ ಉಳಿಸಿಕೊಂಡರು. ಇದರಿಂದ ಆದುದೇನೆಂದರೆ, ಅರ್ಥವನ್ನು ಹೊತ್ತಿದ್ದ ಪ್ರಕೃತಿಯು ಬಿದ್ದುಹೋಯಿತು, ವಿಭಕ್ತಿ ಪ್ರತ್ಯಯವು ಮಾತ್ರ ಉಳಿಯಿತು. ಕನ್ನಡದಲ್ಲಿ ಇದಕ್ಕೆ ಸಮಾನವಾದುದನ್ನು ಹೇಳಬೇಕಾದರೆ, ಒಂದು ಬಂಡಿಗೆ ‘ಎಲ್ಲರಿಗೆ’ ಎಂದು ಹೆಸರಿಟ್ಟು, ಕೆಲವು ದಿನಗಳ ಮೇಲೆ ‘ಎಲ್ಲರಿ’ ಎಂಬುದನ್ನು ಕೈಬಿಟ್ಟು, “ಗೆ ಬಂತು”, “ಗೆ ಹೋಯಿತು” ಎಂದು ಹೇಳಲಾರಂಭಿಸಿದಂತೆ. ಕೇಳುವುದಕ್ಕೆ ವಿನೋದವಾಗಿದ್ದರೂ ನಡೆದುದು ಇದೇ.

ಸಂಸ್ಕೃತವನ್ನು ಓದಿದವರಿಗೆ ಈ ‘ಬುಸ್’ ಪ್ರತ್ಯಯವು ಪರಕೀಯವಾಗಿ ತೋರಲಾರದು. ‘ಸರ್ವೇಭ್ಯಃ’ ಎಂದರೆ ‘ಎಲ್ಲರಿಗೆ’. ‘ಬಾಲಿಕಾಭ್ಯಃ’ ಎಂದರೆ ‘ಬಾಲಿಕೆಯರಿಗೆ’. ಈ ಶಬ್ದಗಳ ಕೊನೆಯಲ್ಲಿರುವ ‘ಭ್ಯಸ್’ ಪ್ರತ್ಯಯವೂ ಲ್ಯಾಟಿನ್ನಿನ ‘ಬುಸ್’ ಪ್ರತ್ಯಯವೂ ಒಂದೇ ಮೂಲದಿಂದ ಬಂದ ದಾಯಾದಿಗಳೆಂಬುದು ಭಾಷಾಶಾಸ್ತ್ರಜ್ಞರ ಮತ. ಸಂಸ್ಕೃತದಲ್ಲಿ ಚತುರ್ಥಿಗೂ ಪಂಚಮಿಗೂ ಬಹುವಚನದಲ್ಲಿ ಈ ಪ್ರತ್ಯಯ ಒಂದೇ ಆಗಿರುವಂತೆ, ಲ್ಯಾಟಿನ್ನಿನಲ್ಲಿಯೂ ‘ಬುಸ್’ ಎಂಬುದು ಆ ಎರಡು ಅರ್ಥಗಳಿಗೂ ಸಲ್ಲುತ್ತದೆ. ಆದುದರಿಂದ ನಮ್ಮ ಮನೆಯ ಹಿರಿಯರು ಮಂತ್ರದಲ್ಲಿ ‘ಭ್ಯಃ’ ಎಂದಾಗಲೂ, ಮಕ್ಕಳು ರಸ್ತೆಯ ತಿರುವಿನಲ್ಲಿ ನಿಂತು ‘ಬಸ್’ ಎಂದಾಗಲೂ, ಮೂಲದಲ್ಲಿ ಒಂದೇ ಆಗಿದ್ದ ಪ್ರತ್ಯಯವನ್ನು ಉಚ್ಚರಿಸುತ್ತಾರೆ. ಎರಡರಲ್ಲಿಯೂ ‘ಇವರಿಗಾಗಿ’ ಎಂಬ ದಾನದ ಭಾವವೇ ಅಡಗಿದೆ.

ಬಂಡಿಗೆ ಈ ಹೆಸರು ಬಂದ ಬಗೆ

‘ಎಲ್ಲರಿಗಾಗಿ’ ಎಂಬ ಹೆಸರು ಒಂದು ಬಂಡಿಗೆ ಏಕೆ ಬೇಕಾಯಿತು? ಅದಕ್ಕೆ ಮೊದಲು ಬಂಡಿಗಳು ಎಲ್ಲರಿಗಾಗಿ ಇರಲಿಲ್ಲವೆಂಬುದೇ ಇದಕ್ಕೆ ಉತ್ತರ. ಕ್ರಿ.ಶ. ೧೬೬೨ರಲ್ಲಿ ಫ್ರಾನ್ಸ್ ದೇಶದ ಗಣಿತಜ್ಞನೂ ತತ್ತ್ವಜ್ಞಾನಿಯೂ ಆದ ಬ್ಲೇಸ್ ಪಾಸ್ಕಲನ ಯೋಚನೆಯಂತೆ ಪ್ಯಾರಿಸ್ ನಗರದಲ್ಲಿ ಗೊತ್ತಾದ ಹಾದಿಯಲ್ಲಿ, ಗೊತ್ತಾದ ಹೊತ್ತಿಗೆ, ಗೊತ್ತಾದ ಬಾಡಿಗೆಗೆ ಓಡುವ ಕುದುರೆಬಂಡಿಗಳು ಏರ್ಪಟ್ಟವು. ಜನರು ತುಂಬಲಿ ತುಂಬದಿರಲಿ ಬಂಡಿಯು ಹೊತ್ತಿಗೆ ಸರಿಯಾಗಿ ಹೊರಡತಕ್ಕದ್ದೆಂಬುದು ಅದರ ನಿಯಮ. ಆದರೆ ಆ ನಗರದ ಉಚ್ಚ ನ್ಯಾಯಮಂಡಲಿಯು ಸಿಪಾಯಿಗಳೂ, ಮನೆಯಾಳುಗಳೂ, ಕೂಲಿಯವರೂ ಅದರಲ್ಲಿ ಕುಳಿತುಕೊಳ್ಳಬಾರದೆಂದು ವಿಧಿಸಿತು. ಯಾರಿಗೆ ಸ್ವಂತ ಬಂಡಿಯಿಲ್ಲವೋ ಅವರನ್ನೇ ಹೊರಗಿಟ್ಟಂತಾಯಿತು. ಆ ಏರ್ಪಾಡು ಬಹುಕಾಲ ನಿಲ್ಲಲಿಲ್ಲ.

ಅನಂತರ ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ಕಾಲ ಕಳೆದು, ೧೮೨೬ರಲ್ಲಿ ಫ್ರಾನ್ಸಿನ ನಾಂಟ್ ಪಟ್ಟಣದಲ್ಲಿ ಬೋದ್ರಿ ಎಂಬಾತನು, ಊರ ಹೊರಗೆ ತಾನು ನಡೆಸುತ್ತಿದ್ದ ಬಿಸಿನೀರಿನ ಸ್ನಾನಗೃಹಕ್ಕೆ ಜನರನ್ನು ಕರೆತರಲು ಬಂಡಿಯೊಂದನ್ನು ಓಡಿಸಿದನು. ಏರಿದವರಲ್ಲಿ ಅನೇಕರು ಸ್ನಾನಗೃಹದವರೆಗೆ ಬಾರದೆ ನಡುವೆಯೇ ಇಳಿದು ತಮ್ಮ ಕೆಲಸಕ್ಕೆ ಹೋಗುವುದನ್ನು ಕಂಡು, ಜನರಿಗೆ ಬೇಕಾದುದು ಸ್ನಾನಕ್ಕಿಂತ ಹೆಚ್ಚಾಗಿ ಬಂಡಿಯೇ ಎಂದು ಅವನು ತಿಳಿದನು. ಆ ಬಂಡಿಗೆ ‘ಒಮ್ನಿಬುಸ್’ ಎಂದು ಹೆಸರಾಯಿತು. ಆ ಊರಿನಲ್ಲಿ ಓಮ್ನೆಸ್ ಎಂಬ ಟೋಪಿಯ ವ್ಯಾಪಾರಿಯೊಬ್ಬನು ತನ್ನ ಹೆಸರಿಗೆ ಪ್ರಾಸವಾಗುವಂತೆ ಅಂಗಡಿಯ ಹಲಗೆಯ ಮೇಲೆ ಆ ಲ್ಯಾಟಿನ್ ಪದವನ್ನು ಬರೆಸಿದ್ದನೆಂದೂ, ಹೆಸರು ಅಲ್ಲಿಂದ ಬಂತೆಂದೂ ಒಂದು ಕತೆಯುಂಟು. ಕತೆ ಹೇಗೇ ಇರಲಿ, ಹೆಸರು ನಿಂತಿತು. ೧೮೨೮ರಲ್ಲಿ ಅಂಥ ಬಂಡಿಗಳು ಪ್ಯಾರಿಸಿನಲ್ಲಿಯೂ, ೧೮೨೯ನೆಯ ಜುಲೈ ೪ರಂದು ಜಾರ್ಜ್ ಶಿಲಿಬಿಯರ್ ಎಂಬುವನ ಮೂಲಕ ಲಂಡನ್ ನಗರದಲ್ಲಿಯೂ ಓಡಲಾರಂಭಿಸಿದವು. ಶಿಲಿಬಿಯರನ ಬಂಡಿಗೆ ಮೂರು ಕುದುರೆಗಳು. ೨೨ ಮಂದಿ ಕುಳಿತುಕೊಳ್ಳಲು ಸ್ಥಳ.

ಈ ಸಂಚಿಕೆಯ ವಾಚಕರಿಗೆ ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದು ಇಲ್ಲಿದೆ. ಲಂಡನ್ನಿನ ಬೀದಿಗೆ ತನ್ನ ಬಂಡಿಯನ್ನು ಇಳಿಸುವುದಕ್ಕೆ ಎರಡು ವರ್ಷ ಮೊದಲೇ, ಎಂದರೆ ೧೮೨೭ರಲ್ಲಿ, ಶಿಲಿಬಿಯರನು ಒಂದು ಶಾಲೆಗೆ ಬಂಡಿಯನ್ನು ಕಟ್ಟಿಕೊಟ್ಟಿದ್ದನು. ಅದು ಲಂಡನ್ನಿನ ಬಳಿಯ ಸ್ಟೋಕ್ ನ್ಯೂಯಿಂಗ್ಟನ್ನಿನಲ್ಲಿ ಕ್ವೇಕರ್ ಪಂಥದ ಕ್ರೈಸ್ತರು ೧೮೨೪ರಲ್ಲಿ ಸ್ಥಾಪಿಸಿದ ಬಾಲಿಕೆಯರ ಶಾಲೆ. ಇಪ್ಪತ್ತೈದು ಮಂದಿ ಕುಳಿತುಕೊಳ್ಳಬಹುದಾಗಿದ್ದ ಆ ಬಂಡಿಯನ್ನು ಲೋಕದ ಪ್ರಥಮ ಶಾಲಾಬಸ್ಸೆಂದು ಹೇಳುವುದುಂಟು. ಹೀಗೆ ಬಸ್ಸಿನ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಪ್ರಸ್ತಾಪವಿದೆ.

ಶಬ್ದವು ಮೊಟಕಾದುದು

ಹೆಸರು ಹುಟ್ಟಿದ ಕೆಲವೇ ವರ್ಷಗಳಲ್ಲಿ, ೧೮೩೦ರ ದಶಕದಲ್ಲಿಯೇ, ಇಂಗ್ಲೆಂಡಿನ ಜನರು ‘ಆಮ್ನಿ’ಯನ್ನು ಬಿಟ್ಟು ‘ಬಸ್’ ಎನ್ನತೊಡಗಿದರು. ಬಹುಕಾಲದವರೆಗೆ ಬರಹದಲ್ಲಿ ಈ ಮೊಟಕು ಶಬ್ದದ ಹಿಂದೆ ಒಂದು ಲೋಪಚಿಹ್ನೆಯನ್ನು ಇಡುತ್ತಿದ್ದರು. ಇಲ್ಲಿ ಏನೋ ಬಿಟ್ಟುಹೋಗಿದೆಯೆಂದು ತೋರಿಸುವುದಕ್ಕೆ ಅದು ಗುರುತು. ಕಾಲಕ್ರಮದಲ್ಲಿ ಆ ಗುರುತೂ ಮಾಯವಾಯಿತು.

ಶಬ್ದಗಳನ್ನು ಹೀಗೆ ಮೊಟಕು ಮಾಡುವುದು ಇಂಗ್ಲಿಷಿನಲ್ಲಿ ಸಾಮಾನ್ಯ. ಕೆಲವನ್ನು ಹಿಂಭಾಗದಲ್ಲಿ ಕತ್ತರಿಸುತ್ತಾರೆ. ‘ಫೋಟೋಗ್ರಾಫ್’ ಎಂಬುದು ‘ಫೋಟೋ’, ‘ಲ್ಯಾಬೊರೇಟರಿ’ ಎಂಬುದು ‘ಲ್ಯಾಬ್’, ‘ಎಕ್ಸಾಮಿನೇಷನ್’ ಎಂಬುದು ‘ಎಕ್ಸಾಂ’ ಆದುದು ಹೀಗೆ. ಕೆಲವನ್ನು ಮುಂಭಾಗದಲ್ಲಿ ಕತ್ತರಿಸುತ್ತಾರೆ. ‘ಟೆಲಿಫೋನ್’ ಎಂಬುದರಿಂದ ‘ಫೋನ್’, ‘ಬೈಸಿಕಲ್’ ಎಂಬುದರಿಂದ ‘ಸೈಕಲ್’. ಎರಡು ಕಡೆಯೂ ಕತ್ತರಿಸುವುದುಂಟು. ‘ಇನ್‌ಫ್ಲುಯೆಂಜಾ’ ಎಂಬ ಜ್ವರವು ‘ಫ್ಲೂ’ ಆದುದು ಇದಕ್ಕೆ ದೃಷ್ಟಾಂತ. ಆದರೆ ಇವೆಲ್ಲವುಗಳಲ್ಲಿಯೂ ಉಳಿದ ತುಂಡಿನಲ್ಲಿ ಅರ್ಥದ ಒಂದಂಶವಾದರೂ ಇದೆ. ‘ಫೋಟೋ’ ಎಂದರೆ ಗ್ರೀಕ್ ಭಾಷೆಯಲ್ಲಿ ಬೆಳಕು. ‘ಫೋನ್’ ಎಂದರೆ ಧ್ವನಿ. ಬರಿಯ ವಿಭಕ್ತಿ ಪ್ರತ್ಯಯವು ಮಾತ್ರ ಉಳಿದು, ನಾಮಪದವಾಗಿ ಲೋಕವನ್ನೆಲ್ಲ ಸುತ್ತಿದ ಶಬ್ದವು ‘ಬಸ್’ ಒಂದೇ ಎಂದರೂ ತಪ್ಪಾಗಲಾರದು.

ನಾಮಪದವಾದ ಮೇಲೆ ಅದು ಮತ್ತೆ ಇತರ ಶಬ್ದಗಳ ಬಾಲಕ್ಕೆ ಸೇರಿಕೊಂಡಿತು. ಆಗುಂಬೆಯ ಘಾಟಿಯ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ದೊಡ್ಡ ವಾಹನಗಳಿಗೆ ಅವಕಾಶವಿಲ್ಲದುದರಿಂದ ಅಲ್ಲಿ ಓಡುವ ಚಿಕ್ಕ ಗಾಡಿ ‘ಮಿನಿಬಸ್’. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲುಹಳಿಯನ್ನು ಅಗಲಮಾಡುವುದಕ್ಕೆ ಮೊದಲು ಅದರ ಮೇಲೆ ಓಡುತ್ತಿದ್ದ ಪುಟ್ಟ ಗಾಡಿ ‘ರೈಲ್‌ಬಸ್’. ಜೋಗದ ಬಳಿಯ ವಿದ್ಯುದಾಗಾರಗಳಲ್ಲಿ ಕೆಲಸಮಾಡುವವರಿಗೆ ‘ಬಸ್‌ಬಾರ್’ ಎಂಬ ಇನ್ನೊಂದು ಮಾತು ಪರಿಚಿತ. ಯಂತ್ರಗಳಿಂದ ಬಂದ ವಿದ್ಯುಚ್ಛಕ್ತಿಯನ್ನೆಲ್ಲ ಒಂದೆಡೆ ಸೇರಿಸಿಕೊಂಡು ಎಲ್ಲ ತಂತಿಮಾರ್ಗಗಳಿಗೂ ಹಂಚಿಕೊಡುವ ಲೋಹದ ಪಟ್ಟಿಗೆ ಆ ಹೆಸರು. ಅದು ‘ಆಮ್ನಿಬಸ್ ಬಾರ್’ ಎಂಬುದರ ಮೊಟಕು ರೂಪ. ಗಣಕಯಂತ್ರದ ಒಳಗೆ ಅದರ ಬೇರೆಬೇರೆ ಅಂಗಗಳು ಸಮಾನವಾಗಿ ಬಳಸುವ ಹಾದಿಗೂ ‘ಬಸ್’ ಎಂದೇ ಹೆಸರು. ಎಲ್ಲೆಲ್ಲಿ ಅನೇಕರು ಒಂದನ್ನು ಹಂಚಿಕೊಳ್ಳುತ್ತಾರೋ ಅಲ್ಲಲ್ಲಿ ಈ ಪ್ರತ್ಯಯವು ಹೋಗಿ ನಿಂತಿದೆ.

ಇನ್ನು ಬಿದ್ದುಹೋದ ಮುಂಭಾಗದ ಗತಿಯೇನೆಂದರೆ, ಅದೂ ನಮ್ಮ ಮಲೆನಾಡಿಗೆ ಬಂದು ಸೇರಿತು. ಮಾರುತಿ ಕಂಪನಿಯವರು ೧೯೮೪ರಲ್ಲಿ ಹೊರತಂದ ವ್ಯಾನಿಗೆ ಅನಂತರ ‘ಓಮ್ನಿ’ ಎಂದು ಹೆಸರಾಯಿತು. ೨೦೧೯ರಲ್ಲಿ ಅದರ ತಯಾರಿಕೆ ನಿಂತಿದ್ದರೂ ಬಸ್ಸಿಲ್ಲದ ಊರುಗಳ ಮಕ್ಕಳನ್ನು ಹೊತ್ತುಕೊಂಡು ಅದು ಮಲೆನಾಡಿನ ಹಾದಿಗಳಲ್ಲಿ ಬಹುಕಾಲ ಓಡಿದೆ. ‘ಎಲ್ಲ’ ಎಂಬ ಅರ್ಥವುಳ್ಳ ತುಂಡು ಕೆಲವೇ ಮಂದಿ ಹಿಡಿಯುವ ಗಾಡಿಯ ಪಾಲಿಗೂ, ‘ಗೆ’ ಎಂಬ ಅರ್ಥವುಳ್ಳ ತುಂಡು ಊರಿಗೆ ಊರೇ ಹತ್ತುವ ಗಾಡಿಯ ಪಾಲಿಗೂ ಬಂದುದು ವಿಚಿತ್ರವಲ್ಲವೆ?

ಶಬ್ದವು ಕನ್ನಡವಾದುದು

ಪರಭಾಷೆಯ ಶಬ್ದಗಳನ್ನು ಕನ್ನಡವು ಇದ್ದಂತೆಯೇ ಇಟ್ಟುಕೊಳ್ಳುವುದಿಲ್ಲ. ತನ್ನ ಬಾಯಿಗೆ ಹಿತವಾಗುವಂತೆ ತಿದ್ದಿಕೊಳ್ಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಶಬ್ದಗಳು ಕನ್ನಡವಾಗುವ ಬಗೆಯನ್ನು ಹೇಳುವುದಕ್ಕೆಂದೇ ಅಪಭ್ರಂಶ ಪ್ರಕರಣವನ್ನು ರಚಿಸಿದನು. ವ್ಯಂಜನದಲ್ಲಿ ಕೊನೆಗೊಳ್ಳುವ ಶಬ್ದಕ್ಕೆ ಹೊಸಗನ್ನಡವು ಒಂದು ಉಕಾರವನ್ನು ಸೇರಿಸುತ್ತದೆ. ಆ ವ್ಯಂಜನದ ಹಿಂದಿನ ಸ್ವರವು ಹ್ರಸ್ವವಾಗಿದ್ದರೆ ಸಾಮಾನ್ಯವಾಗಿ ವ್ಯಂಜನಕ್ಕೆ ದ್ವಿತ್ವ ಬರುತ್ತದೆ, ದೀರ್ಘವಾಗಿದ್ದರೆ ಬಾರದು. ಹಳಗನ್ನಡದ ‘ಕಣ್’, ‘ಮಣ್’ ಎಂಬವು ‘ಕಣ್ಣು’, ‘ಮಣ್ಣು’ ಎಂದಾದರೆ, ‘ಕಾಲ್’, ‘ಬೇರ್’ ಎಂಬವು ‘ಕಾಲು’, ‘ಬೇರು’ ಎಂದು ಮಾತ್ರ ಆಗುತ್ತವೆ. ಸಂಸ್ಕೃತದ ‘ಮನಸ್’, ‘ತಪಸ್’, ‘ಯಶಸ್’ ಎಂಬವು ‘ಮನಸ್ಸು’, ‘ತಪಸ್ಸು’, ‘ಯಶಸ್ಸು’ ಆದುದೂ ಇದೇ ರೀತಿಯಿಂದ. ಇಂಗ್ಲಿಷಿನ ‘ಪೆನ್’ ‘ಪೆನ್ನು’ ಆಯಿತು, ‘ಕಾರ್’ ‘ಕಾರು’ ಆಯಿತು, ‘ಬಸ್’ ‘ಬಸ್ಸು’ ಆಯಿತು. ಯಾವ ಪಂಡಿತರೂ ಕುಳಿತು ಈ ನಿಯಮವನ್ನು ಜನರಿಗೆ ಬೋಧಿಸಲಿಲ್ಲ. ಅಕ್ಷರವನ್ನೇ ಅರಿಯದ ಅಜ್ಜಿಯೂ ಇದನ್ನು ತಪ್ಪದೆ ಪಾಲಿಸುತ್ತಾಳೆ.

ಹೀಗೆ ಕನ್ನಡವಾದ ಶಬ್ದಕ್ಕೆ ನಮ್ಮ ವಿಭಕ್ತಿಗಳೆಲ್ಲವೂ ಸೇರುತ್ತವೆ: ಬಸ್ಸನ್ನು, ಬಸ್ಸಿನಿಂದ, ಬಸ್ಸಿಗೆ, ಬಸ್ಸಿನ, ಬಸ್ಸಿನಲ್ಲಿ. ಇವುಗಳಲ್ಲಿ ‘ಬಸ್ಸಿಗೆ’ ಎಂಬ ರೂಪವನ್ನು ಗಮನಿಸಬೇಕು. ‘ಬಸ್’ ಎಂಬುದು ಲ್ಯಾಟಿನ್ನಿನ ಚತುರ್ಥೀ ಪ್ರತ್ಯಯ. ‘ಗೆ’ ಎಂಬುದು ಕನ್ನಡದ ಚತುರ್ಥೀ ಪ್ರತ್ಯಯ. ಆದುದರಿಂದ “ಬಸ್ಸಿಗೆ ಕಾಯುತ್ತಿದ್ದೇನೆ” ಎನ್ನುವ ಬಾಲಿಕೆಯು ತನಗೆ ತಿಳಿಯದೆಯೇ ಒಂದು ಚತುರ್ಥಿಯ ಮೇಲೆ ಇನ್ನೊಂದು ಚತುರ್ಥಿಯನ್ನು ಇಡುತ್ತಾಳೆ.

ಇಲ್ಲಿ ಇನ್ನೊಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. “ಬಸ್, ಸಾಕು” ಎಂದು ಹೇಳುವಾಗಿನ ‘ಬಸ್’ ಎಂಬುದು ಪಾರಸೀ ಭಾಷೆಯಿಂದ ಹಿಂದೂಸ್ತಾನಿಯ ಮೂಲಕ ಬಂದುದು. ‘ಸಾಕು’ ಎಂಬುದೇ ಅದರ ಅರ್ಥ. ಅದಕ್ಕೂ ಗಾಡಿಯ ಹೆಸರಿಗೂ ಯಾವ ನಂಟೂ ಇಲ್ಲ. ಅದಕ್ಕೆ ಉಕಾರವೂ ಸೇರುವುದಿಲ್ಲ, ವಿಭಕ್ತಿಯೂ ಹತ್ತುವುದಿಲ್ಲ.

ಹೊಸ ವಸ್ತುವಿನ ಹೆಸರು ಊರಿಗೆ ಬಂದಾಗ ಜನರು ತಮಗೆ ತಿಳಿದಿರುವ ಶಬ್ದದೊಂದಿಗೆ ಅದನ್ನು ಹೊಂದಿಸುವುದುಂಟು. ತೀರ್ಥಹಳ್ಳಿ ಸೀಮೆಯ ಹಿಂದಿನ ಜೀವನವನ್ನು ಚಿತ್ರಿಸುವ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ (೧೯೬೭) ಪಾದ್ರಿಯೊಬ್ಬರು ಸವಾರಿ ಮಾಡುವ ಬೈಸಿಕಲ್ಲು ಹಳ್ಳಿಯವರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ರಾಗಿ ಬೀಸುವ ಕಲ್ಲನ್ನು ಮಾತ್ರ ಕಂಡಿದ್ದವರಿಗೆ ಆ ಎರಡು ಚಕ್ರಗಳು ಹಾಗೆ ತೋರಿದುದು ಸಹಜವೇ. ‘ಬಸ್ಸಿ’ಗೆ ಅಂಥ ರೂಪಾಂತರ ಬೇಕಾಗಲಿಲ್ಲ. ಅದು ಬರುವಾಗಲೇ ಮೊಟಕಾಗಿ ಬಂದುದರಿಂದ ನೆಟ್ಟಗೆ ಬಾಯಿಗೆ ಹೊಂದಿಕೊಂಡಿತು. ತಮಿಳಿನವರು ‘ಪೇರುಂದು’ ಎಂಬ ಸ್ವಂತ ಶಬ್ದವನ್ನು ರಚಿಸಿಕೊಂಡು ಬರಹದಲ್ಲಿ ಬಳಸುತ್ತಾರೆ. ಕನ್ನಡದಲ್ಲಿ ‘ಸಾರಿಗೆ’ ಎಂಬ ಚೆಲುವಾದ ಮಾತು ಇದ್ದರೂ ಅದು ಇಡೀ ವ್ಯವಸ್ಥೆಗೆ ಹೆಸರಾಗಿ ನಿಂತಿತು. ಗಾಡಿಯು ಬಸ್ಸಾಗಿಯೇ ಉಳಿಯಿತು.

ನಮ್ಮ ಸೀಮೆಯ ಪ್ರಯೋಗಗಳು

ಒಂದು ಶಬ್ದವು ಭಾಷೆಯಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂಬುದನ್ನು ಅದರ ಪ್ರಯೋಗಗಳಿಂದ ತಿಳಿಯಬೇಕು. ಮಲೆನಾಡಿನಲ್ಲಿ ಬಸ್ಸು ಗಡಿಯಾರದ ಕೆಲಸವನ್ನೂ ಮಾಡುತ್ತದೆ. “ಎಂಟೂವರೆ ಬಸ್ಸು ಹೋದ ಮೇಲೆ”, “ಕೊನೇ ಬಸ್ಸಿನ ಹೊತ್ತಿಗೆ” ಎಂದರೆ ಊರಿನವರಿಗೆಲ್ಲ ಕಾಲವು ತಿಳಿಯುತ್ತದೆ. ರಾತ್ರಿ ಕಡೆಯ ಊರಿಗೆ ಬಂದು ಅಲ್ಲಿಯೇ ತಂಗಿ, ಬೆಳಗಿನ ಜಾವ ಮೊದಲು ಹೊರಡುವ ಗಾಡಿಯು ‘ಹಾಲ್ಟಿಂಗ್ ಬಸ್ಸು’. ಬಸ್ಸಿನ ಯಜಮಾನರ ಹೆಸರೋ ಸಂಸ್ಥೆಯ ಹೆಸರೋ ಬಸ್ಸಿಗೇ ಹೆಸರಾಗುವುದೂ ಉಂಟು. ಸಾಗರದ ಕಡೆ “ಗಜಾನನ ಬಂತು” ಎಂದರೆ ಅಲ್ಲಿ ವಿಘ್ನೇಶ್ವರನ ಪ್ರಸ್ತಾಪವಿಲ್ಲ. “ಸರ್ಕಾರಿ ಬಂತು” ಎಂದರೆ ಅಧಿಕಾರಿಗಳು ಬಂದರೆಂದು ಯಾರೂ ತಿಳಿಯುವುದಿಲ್ಲ.

“ಬಸ್ಸು ತಪ್ಪಿತು” ಎಂಬ ನಮ್ಮ ಮಾತಿನಲ್ಲಿ ವಿಶೇಷವುಂಟು. ಇಂಗ್ಲಿಷಿನಲ್ಲಿ ಇದನ್ನು ಹೇಳುವಾಗ ಪ್ರಯಾಣಿಕನು ಕರ್ತೃ, ತಪ್ಪಿಸಿಕೊಂಡವನು ಅವನು. ಕನ್ನಡದಲ್ಲಿ ಬಸ್ಸೇ ಕರ್ತೃ. ಹೊತ್ತಿಗೆ ಮುಂಚೆ ಬಂದು ಕಾದು ನಿಂತಿದ್ದರೂ ಬಸ್ಸು ಬಾರದೆ ಇರಬಹುದು, ಬಂದರೂ ತುಂಬಿಹೋಗಿ ನಿಲ್ಲದೆ ಇರಬಹುದು. ಇಂಥ ಅನುಭವವುಳ್ಳ ನಮ್ಮ ಜನಕ್ಕೆ ಕನ್ನಡದ ವಾಕ್ಯರಚನೆಯೇ ಹೆಚ್ಚು ನ್ಯಾಯವಾದುದಾಗಿ ತೋರುತ್ತದೆ.

ಬಸ್ಸಿಗೆ ಈ ಸೀಮೆಯಲ್ಲಿ ಇಷ್ಟು ಪ್ರಾಧಾನ್ಯ ಬಂದುದಕ್ಕೆ ಭೂಸ್ವರೂಪವೇ ಕಾರಣ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರ ತಾಲ್ಲೂಕನ್ನು ಹಾದು ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುತ್ತಾಳೆ. ಈ ಮೂರು ತಾಲ್ಲೂಕುಗಳಲ್ಲಿ ಬಯಲುಸೀಮೆಯಂತೆ ಮನೆಗೆ ಮನೆ ಒತ್ತಿಕೊಂಡ ಊರುಗಳು ಕಡಮೆ. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ತೋಟ, ನಡುವೆ ಹಳ್ಳ. ಸಾಗರದ ಪೇಟೆಗೂ ತಾಳಗುಪ್ಪಕ್ಕೂ ರೈಲುಂಟು. ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿಯೂ ಒಂದು ನಿಲ್ದಾಣವಿದೆ. ಆದರೆ ಹೊಸನಗರದ ಪೇಟೆಗಾಗಲಿ ತೀರ್ಥಹಳ್ಳಿಯ ಪೇಟೆಗಾಗಲಿ ರೈಲಿಲ್ಲ. ಆದುದರಿಂದ ಶಾಲೆಯಿರಲಿ, ಆಸ್ಪತ್ರೆಯಿರಲಿ, ಕಚೇರಿಯಿರಲಿ, ಹಾದಿ ಬಸ್ಸಿನದು.

ಅರ್ಥವು ನಿಜವಾಗಿದೆಯೆ?

ಹೆಸರಿನಲ್ಲಿ ‘ಎಲ್ಲರಿಗಾಗಿ’ ಎಂದಿದ್ದರೂ ಅದು ತಾನಾಗಿಯೇ ನಿಜವಾಗುವುದಿಲ್ಲ. ೧೯೫೫ನೆಯ ಡಿಸೆಂಬರ್ ೧ರಂದು ಅಮೆರಿಕದ ಅಲಬಾಮ ಸಂಸ್ಥಾನದ ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆಯು ಬಿಳಿಯ ಪ್ರಯಾಣಿಕನಿಗಾಗಿ ತನ್ನ ಸ್ಥಳವನ್ನು ಬಿಟ್ಟೇಳಲೊಲ್ಲದೆ ಬಂಧನಕ್ಕೊಳಗಾದಳು. ಆ ನಗರದ ಕರಿಯರು ೩೮೧ ದಿನ ಬಸ್ಸನ್ನೇ ಹತ್ತದೆ ನಡೆದರು. ೧೯೫೬ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯದ ತೀರ್ಪಿನಿಂದ ಆ ಭೇದವು ರದ್ದಾಯಿತು. ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಇಟ್ಟ ಹೆಸರಿನ ಅರ್ಥವನ್ನು ಸಾಧಿಸಿಕೊಳ್ಳಲು ಅಷ್ಟು ಕಷ್ಟಪಡಬೇಕಾಯಿತು.

ನಮ್ಮ ನಾಡಿನ ವಿಷಯವನ್ನು ನೋಡೋಣ. ೧೯೪೮ನೆಯ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರವು ೧೨೦ ಬಸ್ಸುಗಳೊಡನೆ ತನ್ನ ರಸ್ತೆ ಸಾರಿಗೆಯನ್ನು ಆರಂಭಿಸಿತು. ೧೯೬೧ರಲ್ಲಿ ಅದು ನಿಗಮವಾಯಿತು. ಆದರೂ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬಹುತೇಕ ಹಾದಿಗಳನ್ನು ಖಾಸಗಿ ಬಸ್ಸುಗಳೇ ಕಾಯ್ದುಕೊಂಡು ಬಂದವು. ಸರ್ಕಾರಿ ಗಾಡಿ ಕಾಣದಿದ್ದ ಮಣ್ಣಿನ ರಸ್ತೆಗಳಲ್ಲಿ, ಸುರಿಯುವ ಮಳೆಯಲ್ಲಿ ಅವು ಮಾಡಿದ ಉಪಕಾರವನ್ನು ಮರೆಯಲಾಗದು. ನೆರೆಯ ಕೊಪ್ಪದಲ್ಲಿ ೧೯೯೧ರಲ್ಲಿ ಖಾಸಗಿ ಕಂಪನಿಯೊಂದರ ಕೆಲಸಗಾರರೇ ಸಹಕಾರ ಸಂಘವನ್ನು ಕಟ್ಟಿಕೊಂಡು ‘ಸಹಕಾರ ಸಾರಿಗೆ’ಯನ್ನು ನಡೆಸಿದರು. ಡ್ರೈವರೂ ಕಂಡಕ್ಟರೂ ತಾವೇ ಯಜಮಾನರಾಗಿ ಓಡಿಸಿದ ಆ ಬಸ್ಸುಗಳು ತೀರ್ಥಹಳ್ಳಿಯ ಕಡೆಗೂ ಬರುತ್ತಿದ್ದವು. ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನೂ ಕೊಡುತ್ತಿದ್ದವು. ಸುಮಾರು ಮೂರು ದಶಕಗಳ ಕಾಲ ನಡೆದು, ೨೦೨೦ರಲ್ಲಿ ಆ ಸಂಸ್ಥೆಯ ಬಸ್ಸುಗಳು ನಿಂತವು. ಅದೇ ವರ್ಷ ಕೋವಿಡ್ ವ್ಯಾಧಿಯ ಕಾಲದಲ್ಲಿ ಎಲ್ಲ ಬಸ್ಸುಗಳೂ ನಿಂತು, ಬಸ್ಸಿಲ್ಲದ ಮಲೆನಾಡು ಹೇಗಿರುವುದೆಂಬುದನ್ನು ಜನರು ಕಣ್ಣಾರೆ ಕಂಡರು.

೨೦೨೩ನೆಯ ಜೂನ್ ೧೧ರಂದು ರಾಜ್ಯ ಸರ್ಕಾರವು ‘ಶಕ್ತಿ’ ಯೋಜನೆಯನ್ನು ಜಾರಿಗೆ ತಂದು, ಕರ್ನಾಟಕದ ಸ್ತ್ರೀಯರೂ ವಿದ್ಯಾರ್ಥಿನಿಯರೂ ಸರ್ಕಾರಿ ನಿಗಮಗಳ ಸಾಧಾರಣ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೇಟಿನ ಹಣವಿಲ್ಲದೆ ಪ್ರಯಾಣ ಮಾಡಬಹುದೆಂದು ವಿಧಿಸಿತು. ಶ್ಲಾಘನೀಯವಾದ ಕಾರ್ಯವಿದು. ಆದರೆ ಖಾಸಗಿ ಬಸ್ಸುಗಳಿಗೆ ಈ ಯೋಜನೆಯು ಅನ್ವಯಿಸುವುದಿಲ್ಲ. ಬಯಲುಸೀಮೆಯ ಬಾಲಿಕೆಯು ಮನೆಯ ಮುಂದೆಯೇ ಸರ್ಕಾರಿ ಬಸ್ಸನ್ನು ಹತ್ತಿ ಹಣವಿಲ್ಲದೆ ಶಾಲೆಗೆ ಹೋದರೆ, ಖಾಸಗಿ ಬಸ್ಸೊಂದೇ ಬರುವ ನಮ್ಮ ಒಳನಾಡಿನ ಬಾಲಿಕೆಯು ದಿನವೂ ಹಣ ತೆರಬೇಕು. ಇಬ್ಬರಿಗೂ ಕಾನೂನು ಒಂದೇ, ಹಾದಿ ಬೇರೆ. ‘ಎಲ್ಲರಿಗಾಗಿ’ ಎಂಬ ಮಾತಿನಲ್ಲಿ ‘ಎಲ್ಲರು’ ಯಾರೆಂಬುದು ಇಲ್ಲಿ ಮತ್ತೆ ಪ್ರಶ್ನೆಯಾಗುತ್ತದೆ.

ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳವರ ವೃತ್ತಾಂತವು ಇನ್ನೂ ಕಠಿನವಾದುದು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ ಶರಾವತಿಯ ನೀರು ಹರಡಿದಾಗ ಹಳೆಯ ಹಾದಿಗಳು ಮುಳುಗಿದವು. ನಾಡಿಗೆಲ್ಲ ಬೆಳಕು ಹೋಯಿತು; ತುಮರಿಯ ಸುತ್ತಿನ ಜನರಿಗೆ ಸಾಗರದ ಪೇಟೆಯು ಹಿನ್ನೀರಿನ ಆಚೆಯ ದಡವಾಯಿತು. ದಶಕಗಳ ಕಾಲ ಲಾಂಚೇ ಅವರಿಗೆ ಗತಿ. ಜನರನ್ನು ಮಾತ್ರವಲ್ಲದೆ ಬಸ್ಸನ್ನೂ ಲಾಂಚಿನ ಮೇಲೆ ಹತ್ತಿಸಿ ದಾಟಿಸಬೇಕಾಗಿತ್ತು. ೨೦೨೫ನೆಯ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಸಂಚಾರಕ್ಕೆ ತೆರೆಯಿತು. ಸುಮಾರು ಎರಡೂಕಾಲು ಕಿಲೋಮೀಟರಿಗೂ ಉದ್ದವಾದ ಆ ಸೇತುವೆಯ ಮೇಲೆ ಈಗ ಬಸ್ಸು ತನ್ನ ಚಕ್ರಗಳ ಮೇಲೆಯೇ ದಾಟುತ್ತದೆ.

ತಾಯಿತಂದೆಗಳಲ್ಲಿ ವಿಜ್ಞಾಪನೆ

ಬಸ್ಸು ನಿಂತರೆ ಮೊದಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗಳು. ಗಂಡುಹುಡುಗನು ಸೈಕಲ್ಲನ್ನೋ ಯಾರದಾದರೂ ಬೈಕನ್ನೋ ಹಿಡಿದು ಹೇಗಾದರೂ ಹೋಗುತ್ತಾನೆ. ಮಗಳ ವಿಷಯದಲ್ಲಿ ಮನೆಯವರಿಗೆ ಕತ್ತಲೆಯ ಭಯ, ಕಾಡುಹಾದಿಯ ಭಯ, ಮಳೆಗಾಲದ ಹಳ್ಳದ ಭಯ. ಸಂಜೆಯ ಬಸ್ಸು ಒಂದು ಗಂಟೆ ಮುಂದೆ ಹೋದರೆ ಹೈಸ್ಕೂಲಿನ ಕೊನೆಯ ಪಾಠವು ಅವಳಿಗಿಲ್ಲ. ಬೆಳಗಿನ ಬಸ್ಸು ನಿಂತುಹೋದರೆ ಶಾಲೆಯೇ ಇಲ್ಲ. ಪರೀಕ್ಷೆಯಲ್ಲಿ ಅವಳು ಹಿಂದೆ ಬಿದ್ದುದಕ್ಕೆ ಬುದ್ಧಿಯ ಮಾಂದ್ಯವನ್ನು ಕಾರಣವಾಗಿ ಹೇಳುವ ಮೊದಲು ಬಸ್ಸಿನ ವೇಳಾಪಟ್ಟಿಯನ್ನು ನೋಡುವುದು ನ್ಯಾಯ.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ೧೯೮೮ರ ಮೋಟಾರು ವಾಹನಗಳ ಕಾಯ್ದೆಯಂತೆ ಪ್ರತ್ಯೇಕ ಪ್ರತ್ಯೇಕವಾಗಿ ಬಾಡಿಗೆ ಪಡೆದು ಜನರನ್ನು ಸಾಗಿಸುವ ಖಾಸಗಿ ಬಸ್ಸಿಗೆ ಪರವಾನಗಿಯು ಬೇಕು. ಆ ಪರವಾನಗಿಗೆ ಹಾದಿಯನ್ನೂ, ವೇಳೆಯನ್ನೂ, ದಿನಕ್ಕೆ ಕಡಮೆಯೆಂದರೆ ಎಷ್ಟು ಟ್ರಿಪ್ಪುಗಳೆಂಬುದನ್ನೂ ಷರತ್ತಾಗಿ ವಿಧಿಸುವ ಅಧಿಕಾರವು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಉಂಟು. ನಮ್ಮ ರಾಜ್ಯದಲ್ಲಿ ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಆದುದರಿಂದ ಬಸ್ಸಿನ ಹೊತ್ತು ಎಂಬುದು ಯಜಮಾನರ ಇಷ್ಟಕ್ಕೆ ಮಾತ್ರ ಬಿಟ್ಟ ವಿಷಯವಲ್ಲ. ಯಾವ ಊರಿನಿಂದ ಎಷ್ಟು ಮಂದಿ ಬಾಲಿಕೆಯರು ಯಾವ ಹೊತ್ತಿಗೆ ಶಾಲೆ ಸೇರಬೇಕೆಂಬುದನ್ನು ಪಟ್ಟಿ ಮಾಡಿ, ತಾಯಿತಂದೆಗಳು ಸಹಿ ಹಾಕಿ, ಮುಖ್ಯೋಪಾಧ್ಯಾಯಿನಿಯರ ಮೂಲಕ ಪ್ರಾಧಿಕಾರಕ್ಕೂ, ಶಿವಮೊಗ್ಗದ ಸರ್ಕಾರಿ ಸಾರಿಗೆ ವಿಭಾಗಕ್ಕೂ ಮನವಿಯನ್ನು ಕೊಡಬಹುದು. ಒಬ್ಬರ ದೂರು ಕಾಗದಗಳಲ್ಲಿ ಮುಚ್ಚಿಹೋಗಬಹುದು. ನಲವತ್ತು ಮನೆಗಳ ಪಟ್ಟಿಯನ್ನು ಹಾಗೆ ಮುಚ್ಚಿಡುವುದು ಕಷ್ಟ.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಶಿಕ್ಷಕಿಯರೂ, ದಾದಿಯರೂ, ಕಚೇರಿಗಳ ಅಧಿಕಾರಿಣಿಯರೂ, ಪಂಚಾಯತಿಗಳ ಸದಸ್ಯೆಯರೂ ಆಗಿದ್ದಾರೆ. ಅವರು ಕಲಿತುದರಲ್ಲಿ ಉಪಾಧ್ಯಾಯಿನಿಯರ ಪಾಲೆಷ್ಟೋ, ಹೊತ್ತಿಗೆ ಬಂದು ನಿಂತ ಬಸ್ಸಿನ ಪಾಲೂ ಅಷ್ಟಿದೆಯೆಂಬುದನ್ನು ಅವರು ಅರಿಯದವರಲ್ಲ. ತಮ್ಮ ಊರಿನ ಪಂಚಾಯತಿಯ ಸಭೆಯಲ್ಲಿ ರಸ್ತೆಗೂ ದೀಪಕ್ಕೂ ಕೇಳುವಾಗ, ಬಾಲಿಕೆಯರ ಬಸ್ಸಿನ ಹೊತ್ತನ್ನೂ ಅವರು ಕೇಳಲಿ. ಶಬ್ದವನ್ನು ಮೊಟಕುಮಾಡಿದ ಜನರು ‘ಎಲ್ಲ’ ಎಂಬುದನ್ನು ಬಿಟ್ಟುದು ನಾಲಗೆಯ ಅನುಕೂಲಕ್ಕಾಗಿ. ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಹಾದಿಯ ಮೇಲೆ ಅದನ್ನು ಬಿಟ್ಟರೆ ಹಾನಿಯಾಗುವುದು ಗುಡ್ಡದ ಮೇಲಿನ ಒಂಟಿಮನೆಯ ಮಗಳಿಗೆ. ಬರುವ ಜೂನ್ ತಿಂಗಳಲ್ಲಿ ಶಾಲೆಗಳು ಬಾಗಿಲು ತೆರೆಯುವ ಮೊದಲೇ ಮೇಲೆ ಹೇಳಿದ ಪಟ್ಟಿಗಳು ಸಿದ್ಧವಾಗುವಂತೆ ಎಲ್ಲರೂ ಮನಸ್ಸು ಮಾಡಬೇಕಾಗಿ ಪ್ರಾರ್ಥನೆ.